ಗಾರ್ಡ್ ತೆಗೆದದ್ದು ಯಾರು?

ಪವರ್ ಪ್ರೆಸ್‌ನಲ್ಲಿ, ಅಂದರೆ ತಗಡು ಒತ್ತಿ ಕತ್ತರಿಸುವ ಮೆಷಿನ್ನಿನಲ್ಲಿ, ಹುಡುಗನೊಬ್ಬನ ಬೆರಳು ಹೋದಾಗ ಎಲ್ಲರೂ ಮೊದಲು ಕೇಳುವುದು ‘ಗಾರ್ಡ್ ಇತ್ತಾ?’ ಅಂತ, ಕೈ ಒಳಗೆ ಹೋಗದಂತೆ ತಡೆಯುವ ಕವಚ ಇತ್ತಾ ಅಂತ. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ, ಅದು ದುಡ್ಡಿನದು: ‘ತೆಗೆದದ್ದು ಯಾರು?’

ನೌಕರರ ಪರಿಹಾರದ ಕಾನೂನಿನಲ್ಲಿ ಒಂದು ವಿನಾಯಿತಿ ಇದೆ. ಗಾಯಗೊಂಡವನು ಕುಡಿದಿದ್ದರೆ, ಸುರಕ್ಷತೆಗೆಂದು ಸ್ಪಷ್ಟವಾಗಿ ಕೊಟ್ಟ ಆದೇಶವನ್ನು ಬೇಕೆಂದೇ ಮೀರಿದ್ದರೆ, ಅಥವಾ ಗಾರ್ಡ್ ಇದೆಯೆಂದು ಗೊತ್ತಿದ್ದೂ ಬೇಕೆಂದೇ ತೆಗೆದಿದ್ದರೆ ಮಾಲೀಕ ಪರಿಹಾರ ಕೊಡಬೇಕಾಗಿಲ್ಲ. ಸಾವು ಸಂಭವಿಸಿದರೆ ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯ ಆದರೆ ಈ ನೆಪ ನಡೆಯುವುದಿಲ್ಲ. ಆದರೆ ಪ್ರೆಸ್ ಶಾಪ್‌ನಲ್ಲಿ ಹೆಚ್ಚಾಗಿ ಹೋಗುವುದು ಒಂದೋ ಎರಡೋ ಬೆರಳು. ಅಲ್ಲಿ ಈ ನೆಪ ಚೆನ್ನಾಗಿಯೇ ನಡೆಯುತ್ತದೆ. ಸೂಪರ್‌ವೈಸರ್ ‘ಪ್ರೊಡಕ್ಷನ್ ಬರ್ತಿಲ್ಲ, ಅದನ್ನ ಬಿಚ್ಚೋ’ ಅಂದದ್ದಕ್ಕೆ ಹುಡುಗ ಸ್ಪ್ಯಾನರ್ ಹಿಡಿದಿರುತ್ತಾನೆ. ಆಮೇಲೆ ಉಳಿಯುವ ಮಾತು, ಬಿಚ್ಚಿದ್ದು ಅವನ ಕೈ ಅಂತ ಮಾತ್ರ.

ಅಪ್ರೆಂಟಿಸ್‌ಗಳಿಗೆ ‘ಹಕ್ಕು’ ಅಂತ ಒಂದು ತರಗತಿ, ‘ಸೇಫ್ಟಿ’ ಅಂತ ಇನ್ನೊಂದು ತರಗತಿ ಮಾಡುವ ಪದ್ಧತಿ ಸರಿಯಲ್ಲ ಅನ್ನುವುದು ಇದಕ್ಕೇ. ಗಾರ್ಡ್ ಎರಡೂ ಪಾಠಗಳಲ್ಲಿ ಇದೆ. ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಎಲ್ಲಿಯ ಯೂನಿಟ್ಟಾದರೂ ಮೊದಲ ದಿನದ ನೋಟ ಒಂದೇ: ಕಾನ್ಫರೆನ್ಸ್ ರೂಮಿನಲ್ಲಿ ಪರದೆ, 60 ಸ್ಲೈಡು, ಕೊನೆಗೆ ಹಾಜರಿ ಪುಸ್ತಕಕ್ಕೆ ಸಹಿ, ಬಿಸ್ಕತ್ತು, ಟೀ. ಮಧುಗಿರಿಯಿಂದಲೋ ಪಾವಗಡದಿಂದಲೋ ಬೆಳಗಿನ ಜಾವದ ಬಸ್ಸು ಹಿಡಿದು ಬಂದ ಹುಡುಗ ಮೂರನೇ ಸ್ಲೈಡಿಗೇ ತೂಕಡಿಸುತ್ತಾನೆ. ಅದೇ ಹುಡುಗನನ್ನು ಮೆಷಿನ್ ಪಕ್ಕ ನಿಲ್ಲಿಸಿ 15 ನಿಮಿಷ ಒಂದೇ ಒಂದು ವಿಷಯ ಹೇಳಿ, ಅವನ ಕೈಲೇ ಮಾಡಿಸಿದರೆ ವರ್ಷಪೂರ್ತಿ ಮರೆಯುವುದಿಲ್ಲ. ಐಟಿಐನ ಜೆಟಿಓಗಳಿಗೆ (ಕಿರಿಯ ತರಬೇತಿ ಅಧಿಕಾರಿಗಳಿಗೆ), ಯೂನಿಟ್‌ಗಳಲ್ಲಿ ಟ್ರೈನಿಂಗ್ ಜವಾಬ್ದಾರಿ ಹೊತ್ತವರಿಗೆ ಈ ಬರಹ.

ಕಾಗದದಿಂದ ಶುರು ಮಾಡಿ, ಯಾಕೆಂದರೆ ಹೆಬ್ಬೆರಳಿನ ಬೆಲೆ ಅಲ್ಲಿದೆ

ಮೊದಲ ಪಾಠ ಮೆಷಿನ್ನಿನದಲ್ಲ. ಪ್ರತಿಯೊಬ್ಬನೂ ತಾನು ಯಾರು ಅನ್ನುವುದನ್ನು ಕಾಗದದಲ್ಲಿ ತೋರಿಸಬೇಕು. ಒಂದೇ ಲೈನಿನಲ್ಲಿ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ನಿಂತ ಮೂವರಲ್ಲಿ ಒಬ್ಬ 1961ರ ಅಪ್ರೆಂಟಿಸ್ ಕಾಯ್ದೆಯಡಿ ನೋಂದಾಯಿತನಾಗಿರಬಹುದು, ಇನ್ನೊಬ್ಬ ಬರೀ ‘ಟ್ರೈನೀ’ ಅಂತ ಪತ್ರ ಪಡೆದವನು, ಮೂರನೆಯವನು ಕಂಟ್ರಾಕ್ಟರ್ ಕಡೆಯ ಹುಡುಗ. ಮಾಡುವ ಕೆಲಸ ಒಂದೇ, ಕಾನೂನು ಬೇರೆ ಬೇರೆ.

ನೋಂದಾಯಿತ ಅಪ್ರೆಂಟಿಸ್ ಕಾನೂನಿನ ಕಣ್ಣಿನಲ್ಲಿ ಕಲಿಯುವವನು, ಕಾರ್ಮಿಕನಲ್ಲ. ಅವನಿಗೆ ಇಎಸ್‌ಐ ಇಲ್ಲ, ಪಿಎಫ್ ಇಲ್ಲ. ಅದಕ್ಕೆ ಬದಲಾಗಿ ಅಪ್ರೆಂಟಿಸ್ ಕಾಯ್ದೆಯೇ ಎರಡು ಭದ್ರತೆ ಕೊಟ್ಟಿದೆ. ಕಾರ್ಖಾನೆ ಕಾಯ್ದೆಯ ಆರೋಗ್ಯ, ಸುರಕ್ಷತೆ, ಕ್ಷೇಮದ ಅಧ್ಯಾಯಗಳು ಅವನು ಕಾರ್ಮಿಕನೇ ಎಂಬಂತೆ ಅನ್ವಯಿಸುತ್ತವೆ. ತರಬೇತಿಯ ಸಮಯದಲ್ಲಿ ಗಾಯವಾದರೆ ನೌಕರರ ಪರಿಹಾರದ ಲೆಕ್ಕದಲ್ಲಿ ಮಾಲೀಕನೇ ಹಣ ಕೊಡಬೇಕು. ಕುಡಿಯುವ ನೀರು, ಶೌಚಾಲಯ, ಬೆಳಕು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಕಣ್ಣಿಗೆ ಕನ್ನಡಕ ಇವನ್ನೆಲ್ಲ ‘ನೀನು ಅಪ್ರೆಂಟಿಸ್, ನಿನಗಿಲ್ಲ’ ಅನ್ನುವಂತಿಲ್ಲ.

ಬರೀ ಟ್ರೈನೀ ಪತ್ರದವನ ಕಥೆ ಬೇರೆ. ಅಪ್ರೆಂಟಿಸ್ ಕಾಯ್ದೆಯಡಿ ನೋಂದಣಿ ಇಲ್ಲದೆ ಉತ್ಪಾದನೆಯ ಕೆಲಸ ಮಾಡಿಸುತ್ತಿದ್ದರೆ ಅವನನ್ನು ಇಎಸ್‌ಐನಿಂದ ಹೊರಗಿಡಲು ‘ಟ್ರೈನೀ’ ಅನ್ನುವ ಹೆಸರೊಂದೇ ಸಾಲದು. ಇದನ್ನು ಹುಡುಗರಿಗಿಂತ ಮೊದಲು ಎಚ್‌ಆರ್‌ನವರಿಗೆ ಹೇಳಬೇಕಾಗುತ್ತದೆ, ಆ ಮಾತು ಬಿಡಿ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕಾರ್ಖಾನೆ ಕಾಯ್ದೆ, ನೌಕರರ ಪರಿಹಾರ ಕಾಯ್ದೆ ಎರಡೂ ಅವುಗಳೊಳಗೆ ಸೇರಿಹೋದವು. ಅಪ್ರೆಂಟಿಸ್ ಕಾಯ್ದೆ ಮಾತ್ರ ಪ್ರತ್ಯೇಕವಾಗಿ ಉಳಿದಿದೆ. ಆದ್ದರಿಂದ ಸೆಕ್ಷನ್ ನಂಬರು ಬಾಯಿಪಾಠ ಮಾಡಿಸುವ ಕೆಲಸಕ್ಕೆ ಹೋಗಬೇಡಿ. ನಂಬರು ಬದಲಾಗುತ್ತದೆ, ಬೆರಳಿನ ಲೆಕ್ಕ ಬದಲಾಗಿಲ್ಲ.

ಒಪ್ಪಂದದ ಪ್ರತಿಯನ್ನು ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಿಂದ ಮೊಬೈಲ್‌ಗೆ ಇಳಿಸಿಸಿ ಮೂರು ಜಾಗಕ್ಕೆ ಬೆರಳಿಟ್ಟು ಓದಿಸಿ. ಒಂದು, ಸಂಸ್ಥೆಯ ಹೆಸರು. ಒಪ್ಪಂದ ಒಂದು ಕಂಪನಿಯ ಹೆಸರಿನಲ್ಲಿದ್ದು, ಹುಡುಗ ನಿಂತಿರುವುದು ಪಕ್ಕದ ಶೆಡ್ಡಿನಲ್ಲಾದರೆ, ಅಪಘಾತದ ದಿನ ಇಬ್ಬರೂ ಕೈ ತೊಳೆದುಕೊಳ್ಳುತ್ತಾರೆ. ಎರಡು, ಟ್ರೇಡು. ಫಿಟ್ಟರ್ ಅಂತ ಬರೆದು ವರ್ಷವಿಡೀ ಪ್ಯಾಕಿಂಗ್‌ನಲ್ಲಿ ಇಟ್ಟರೆ ಅದು ತರಬೇತಿಯಲ್ಲ. ಮೂರು, ಸ್ಟೈಪೆಂಡ್. 2019ರ ತಿದ್ದುಪಡಿಯ ಪ್ರಕಾರ ಕನಿಷ್ಠ ಮೊತ್ತ ಹೀಗೆ: 5ರಿಂದ 9ನೇ ತರಗತಿ ಓದಿದವರಿಗೆ 5000, ಎಸ್ಸೆಸ್ಸೆಲ್ಸಿಗೆ 6000, ಪಿಯುಸಿ ಅಥವಾ ಐಟಿಐಗೆ 7000, ಡಿಪ್ಲೊಮಾಗೆ 8000, ಪದವೀಧರರಿಗೆ 9000. ಎರಡನೇ ವರ್ಷ ಶೇ 10, ಮೂರನೇ ವರ್ಷ ಶೇ 15ರ ಏರಿಕೆ. ಸಹಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವ ದರ ಇದೆಯೋ ನೋಡಿಕೊಳ್ಳುವುದು ಒಳ್ಳೆಯದು. ಹುಡುಗನಿಗೆ 18 ತುಂಬಿಲ್ಲದಿದ್ದರೆ ಒಪ್ಪಂದಕ್ಕೆ ಸಹಿ ಹಾಕಬೇಕಾದದ್ದು ಅಪ್ಪ, ಅಮ್ಮ ಅಥವಾ ಪೋಷಕರು. ಅಪಾಯಕಾರಿ ಉದ್ಯಮವಾದರೆ 18 ತುಂಬದವನನ್ನು ಸೇರಿಸಿಕೊಳ್ಳುವಂತೆಯೇ ಇಲ್ಲ.

ಸ್ಟೈಪೆಂಡ್ ಸಾಲು ಯಾಕೆ ಮುಖ್ಯ ಅಂದರೆ, ಪರಿಹಾರದ ಲೆಕ್ಕದಲ್ಲಿ ಅದೇ ‘ವೇತನ’. ಬೋರ್ಡಿನ ಮೇಲೆ ಈ ಲೆಕ್ಕ ಮಾಡಿಸಿ. ವಯಸ್ಸಿಗೆ ತಕ್ಕಂತೆ ಕಾನೂನು ಒಂದು ಗುಣಕ ಕೊಟ್ಟಿದೆ, 18 ವರ್ಷದವನದು 226.38. ಸ್ಟೈಪೆಂಡ್ 7000, ಅದರ ಶೇ 60 ಅಂದರೆ 4200. 4200ನ್ನು 226.38ರಿಂದ ಗುಣಿಸಿದರೆ 9,50,796. ಪೂರ್ತಿ ಹೆಬ್ಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ 30 ನಷ್ಟ ಅಂತ ಕಾನೂನಿನ ಪಟ್ಟಿಯಲ್ಲಿದೆ. ಸುಮಾರು 2,85,239 ರೂಪಾಯಿ. ತೋರುಬೆರಳು ಪೂರ್ತಿ ಹೋದರೆ ಶೇ 14, ಸುಮಾರು 1,33,111. ಈಗ ಅದೇ ಐಟಿಐ ಪಾಸಾದ ಹುಡುಗನನ್ನು ಒಪ್ಪಂದದಲ್ಲಿ 5000ದವನು ಅಂತ ತೋರಿಸಿದ್ದರೆ ಹೆಬ್ಬೆರಳಿನ ಲೆಕ್ಕ 2,03,742ಕ್ಕೆ ಇಳಿಯುತ್ತದೆ. ತಿಂಗಳಿಗೆ ಎರಡು ಸಾವಿರ ಕಡಿಮೆ ಬರೆದದ್ದು ಒಂದು ಬೆರಳಿನಲ್ಲಿ 81 ಸಾವಿರಕ್ಕೂ ಹೆಚ್ಚು ಕಚ್ಚುತ್ತದೆ. ಈ ಲೆಕ್ಕವನ್ನು ತಾನೇ ಮಾಡಿದ ಹುಡುಗ ಒಪ್ಪಂದವನ್ನು ಓದದೆ ಸಹಿ ಹಾಕುವುದಿಲ್ಲ. ಗಾರ್ಡನ್ನೂ ಬೇರೆ ಕಣ್ಣಿನಿಂದ ನೋಡುತ್ತಾನೆ.

ಸ್ಟೈಪೆಂಡ್ ಬಗ್ಗೆ ಸಾಮಾನ್ಯವಾಗಿ ಏಳುವ ಒಂದು ಜಗಳ ಇದೆ. ಸರ್ಕಾರದ ಪ್ರೋತ್ಸಾಹ ಯೋಜನೆಯಡಿ ನೋಂದಣಿಯಾಗಿದ್ದರೆ ಸ್ಟೈಪೆಂಡ್‌ನ ಶೇ 25, ಹೆಚ್ಚೆಂದರೆ 1500 ರೂಪಾಯಿ, ಸರ್ಕಾರದಿಂದ ನೇರವಾಗಿ ಹುಡುಗನ ಖಾತೆಗೆ ಬರುತ್ತದೆ. 7000ದವನಿಗೆ ಕಂಪನಿಯಿಂದ 5500 ಬಂದಾಗ ‘ಸಾವಿರದೈನೂರು ಕಟ್ ಮಾಡಿದ್ರು’ ಅಂತ ಗಲಾಟೆ. ಸರ್ಕಾರದ ಪಾಲು ತಡವಾಗಿ ಬರುತ್ತದೆ, ಆಧಾರ್ ಜೋಡಣೆಯಾಗದ ಖಾತೆಯಾದರೆ ಬರುವುದೇ ಇಲ್ಲ. ಹಾಗಾಗಿ ಪಾಸ್‌ಬುಕ್ಕಿನಲ್ಲಿ ಎರಡು ಜಮೆ ಹುಡುಕುವುದನ್ನು ಕಲಿಸಿ. ಕಂಪನಿಯ ಪಾಲು ಮುಂದಿನ ತಿಂಗಳ 10ರೊಳಗೆ ಬರಬೇಕು. ಪೀಸ್ ಲೆಕ್ಕದಲ್ಲಿ ಅಪ್ರೆಂಟಿಸ್‌ಗೆ ದುಡ್ಡು ಕೊಡುವಂತಿಲ್ಲ, ಉತ್ಪಾದನೆ ಬೋನಸ್ಸಿನ ಪೈಪೋಟಿಗೂ ಇಳಿಸುವಂತಿಲ್ಲ. ಈ ನಿಯಮ ನೋಡಲು ದುಡ್ಡಿನದು, ನಿಜಕ್ಕೂ ಬೆರಳಿನದು: ಪೀಸಿಗಿಷ್ಟು ಅಂದ ಕೂಡಲೇ ಮೊದಲು ಬಿಚ್ಚುವುದು ಗಾರ್ಡು.

ಓಟಿಗೂ, ಅಂದರೆ ಓವರ್ ಟೈಮಿಗೂ, ಇದೇ ಮಾತು. ಅಪ್ರೆಂಟಿಸ್‌ಶಿಪ್ ಸಲಹೆಗಾರರ ಅನುಮತಿ ಇಲ್ಲದೆ ಅಪ್ರೆಂಟಿಸ್‌ನಿಂದ ಓಟಿ ಮಾಡಿಸುವಂತಿಲ್ಲ, ಅವನೇ ಬೇಕು ಅಂದರೂ ಬಿಡುವಂತಿಲ್ಲ. ಹುಡುಗರಿಗೆ ಇದು ಇಷ್ಟವಾಗುವುದಿಲ್ಲ, ಓಟಿ ಕಾಸು ಅಂದರೆ ಬೈಕಿನ ಕಂತು. ಹತ್ತನೇ ಗಂಟೆಯಲ್ಲಿ ಪ್ರೆಸ್ ಮುಂದೆ ನಿಂತ 18ರ ಹುಡುಗನ ಕಣ್ಣು ಹೇಗಿರುತ್ತದೆ ಅಂತ ಅವರಿಗೇ ಕೇಳಿ, ಅವರೇ ಹೇಳುತ್ತಾರೆ.

ಮೆಷಿನ್ ಮುಂದೆ

ಪವರ್ ಪ್ರೆಸ್‌ನಿಂದ ಆರಂಭಿಸಿ. ನಮ್ಮ ಕಡೆಯ ಸಣ್ಣ ಶೆಡ್ಡುಗಳಲ್ಲಿರುವುದು ಹೆಚ್ಚಾಗಿ ಕೀ ಕ್ಲಚ್ಚಿನ ಹಳೆಯ ಪ್ರೆಸ್. ಇದರ ಸ್ವಭಾವ ಒಂದನ್ನು ಹುಡುಗರ ತಲೆಗೆ ಹೊಕ್ಕಿಸಬೇಕು: ಒಮ್ಮೆ ಪೆಡಲ್ ಒತ್ತಿದರೆ ಸ್ಟ್ರೋಕ್ ಪೂರ್ತಿಯಾಗಿಯೇ ತೀರುತ್ತದೆ. ಕಾಲು ತೆಗೆದರೂ ನಿಲ್ಲದು, ಎಮರ್ಜೆನ್ಸಿ ಒತ್ತಿದರೂ ಮೋಟಾರ್ ನಿಲ್ಲುತ್ತದೆಯೇ ಹೊರತು ತಗಡನ್ನು ಒತ್ತಲು ಮೇಲಿಂದ ಇಳಿಯುತ್ತಿರುವ ರ‍್ಯಾಮ್ ನಿಲ್ಲುವುದಿಲ್ಲ. ಇದಕ್ಕಿಂತ ಕೆಟ್ಟದ್ದು ಡಬಲ್ ಸ್ಟ್ರೋಕ್. ಕ್ಲಚ್ ಕೀಯ ಸ್ಪ್ರಿಂಗ್ ಸೋತಿದ್ದರೆ, ಬ್ರೇಕ್ ಲೈನಿಂಗ್ ಸವೆದಿದ್ದರೆ, ಅಥವಾ ಲೈನಿಂಗ್ ಮೇಲೆ ಎಣ್ಣೆ ಸುರಿದಿದ್ದರೆ ರ‍್ಯಾಮ್ ಮೇಲೆ ನಿಲ್ಲದೆ, ಯಾರೂ ಪೆಡಲ್ ಒತ್ತದಿದ್ದರೂ ಇನ್ನೊಮ್ಮೆ ಕೆಳಗಿಳಿಯುತ್ತದೆ. ಆಗ ಹುಡುಗನ ಕೈ ಜಾಬ್, ಅಂದರೆ ಒತ್ತಿದ ತುಂಡು, ತೆಗೆಯಲು ಒಳಗೆ ಹೋಗಿರುತ್ತದೆ. ಶಿಫ್ಟ್ ಶುರುವಿಗೆ ಜಾಬ್ ಇಡದೆ ಐದು ಖಾಲಿ ಸ್ಟ್ರೋಕ್ ಹೊಡೆಸಿ, ರ‍್ಯಾಮ್ ಪ್ರತಿ ಸಲವೂ ಮೇಲೆ ಒಂದೇ ಜಾಗದಲ್ಲಿ ನಿಲ್ಲುತ್ತದೆಯೇ ಅಂತ ಸೀಮೆಸುಣ್ಣದ ಗುರುತು ಹಾಕಿ ನೋಡಿಸಿ. ಗುರುತು ದಾಟಿ ಜಾರುತ್ತಿದ್ದರೆ ಆ ಪ್ರೆಸ್ ಆ ದಿನ ಓಡಬಾರದು. ಪೆಡಲ್ ಮೇಲೆ ಕವರ್ ಇರಬೇಕು, ಇಲ್ಲದಿದ್ದರೆ ಮೇಲಿಂದ ಜಾರಿದ ಒಂದು ಬ್ಲಾಂಕ್ (ಒತ್ತಲು ಕತ್ತರಿಸಿಟ್ಟ ತಗಡು) ಸಾಕು ಅದನ್ನು ಒತ್ತಲು. ಜಾಬ್ ಇಡಲು ಚಿಮ್ಮಟ ಅಥವಾ ಮ್ಯಾಗ್ನೆಟ್ ಕಡ್ಡಿ. ಬೆರಳು ಡೈ (ಆಕಾರ ಕೊಡುವ ಅಚ್ಚು) ಒಳಗೆ ಹೋಗುವ ಕೆಲಸವೇ ಇರಬಾರದು.

ಎರಡು ಕೈ ಬಟನ್ ಇರುವ ಪ್ರೆಸ್ಸಿನಲ್ಲಿ ಮೋಸ ಬೇರೆ ರೀತಿ. ಒಂದು ಬಟನ್ನಿಗೆ ನಾಣ್ಯ ಸಿಕ್ಕಿಸಿ ಟೇಪ್ ಸುತ್ತಿ, ಒಂದೇ ಕೈಯಲ್ಲಿ ಓಡಿಸುತ್ತಾರೆ. ಅದು ಸರಿಯಾದ ಸರ್ಕ್ಯೂಟ್ ಆಗಿದ್ದರೆ ಪ್ರತಿ ಸ್ಟ್ರೋಕಿಗೂ ಎರಡೂ ಬಟನ್ ಬಿಟ್ಟು ಮತ್ತೆ ಒತ್ತಿದರೆ ಮಾತ್ರ ಓಡಬೇಕು. ಒಂದು ಬಟನ್ ಒತ್ತಿ ಹಿಡಿದೇ ಇನ್ನೊಂದನ್ನು ಮತ್ತೆ ಮತ್ತೆ ಒತ್ತಿ ಪರೀಕ್ಷಿಸುವುದನ್ನು ಅಪ್ರೆಂಟಿಸ್‌ಗೇ ಕಲಿಸಿ. ಓಡಿದರೆ ಆ ಬಟನ್ನುಗಳು ಅಲಂಕಾರಕ್ಕಷ್ಟೇ ಇವೆ. ಸಿಎನ್‌ಸಿಯಲ್ಲಿ (ಕಂಪ್ಯೂಟರ್ ನಡೆಸುವ ಮೆಷಿನ್) ಡೋರ್ ಇಂಟರ್‌ಲಾಕ್ ಬೈಪಾಸ್ ಆಗಿರುವುದನ್ನೂ ಹೀಗೆಯೇ ಹಿಡಿಯಬಹುದು: ಬಾಗಿಲು ತೆರೆದಿಟ್ಟು ಸೈಕಲ್ ಸ್ಟಾರ್ಟ್ ಒತ್ತಿದರೆ ಅಲಾರಂ ಬರಬೇಕು. ಈ ಪರೀಕ್ಷೆ ಜಾಬ್ ಇಲ್ಲದೆ, ಪಕ್ಕದಲ್ಲಿ ಗೊತ್ತಿರುವವರು ನಿಂತಾಗ ಮಾತ್ರ.

ಡೈ ಬದಲಿಸುವಾಗ ಮೋಟಾರ್ ಆಫ್ ಮಾಡಿದರೆ ಮುಗಿಯಲಿಲ್ಲ. ಫ್ಲೈವೀಲ್ ನಿಮಿಷಗಟ್ಟಲೆ ತಿರುಗುತ್ತಲೇ ಇರುತ್ತದೆ, ಅದರಲ್ಲಿ ಒಂದು ಸ್ಟ್ರೋಕಿಗೆ ಸಾಕಾಗುವಷ್ಟು ಕಸುವು ಇರುತ್ತದೆ. ಅದು ಪೂರ್ತಿ ನಿಲ್ಲುವವರೆಗೆ ಕೈ ಕಟ್ಟಿ ನಿಲ್ಲುವುದು, ಆಮೇಲೆ ರ‍್ಯಾಮ್ ಕೆಳಗೆ ಬ್ಲಾಕ್ ಕೊಡುವುದು, ಆಮೇಲೆ ಕೈ.

ಬೆಂಚ್ ಗ್ರೈಂಡರ್ ಎಲ್ಲ ಶಾಪ್‌ನ ಮೂಲೆಯಲ್ಲೂ ಇದೆ, ಯಾರ ಜವಾಬ್ದಾರಿಯೂ ಅಲ್ಲದ ಮೆಷಿನ್. ವೀಲ್‌ಗೂ ಟೂಲ್ ರೆಸ್ಟ್‌ಗೂ (ಜಾಬ್ ಆನಿಸಿ ಹಿಡಿಯುವ ಪಟ್ಟಿ) ನಡುವೆ 3 ಎಂಎಂಗಿಂತ ಹೆಚ್ಚು ಸಂದು ಇರಬಾರದು. ಅಳೆಯಲು ಸ್ಕೇಲ್ ಹುಡುಕಬೇಡಿ, 3.15 ಎಂಎಂ ವೆಲ್ಡಿಂಗ್ ರಾಡಿನ ಫ್ಲಕ್ಸ್ ಇಲ್ಲದ ತುದಿ ಅದರೊಳಗೆ ತೂರಿದರೆ ಸಂದು ಜಾಸ್ತಿಯಾಗಿದೆ ಅಂತ ಅರ್ಥ. ಸಂದು ಜಾಸ್ತಿಯಾದರೆ ಸಣ್ಣ ಟೂಲ್ ಬಿಟ್ ಅದರೊಳಗೆ ಎಳೆದುಕೊಂಡು ಹೋಗಿ ಸಿಕ್ಕಿಕೊಳ್ಳುತ್ತದೆ, ಹಿಂದೆಯೇ ಬೆರಳು, ಇಲ್ಲವೇ ವೀಲೇ ಒಡೆಯುತ್ತದೆ. ಕವಚದ ಮೇಲ್ತುದಿಯ ನಾಲಿಗೆ ಗಾರ್ಡಿಗೂ ವೀಲಿಗೂ ನಡುವೆ 6 ಎಂಎಂಗಿಂತ ಹೆಚ್ಚು ಬೇಡ. ವೀಲ್ ಸವೆದಂತೆ ಇವೆರಡನ್ನೂ ಒಳಕ್ಕೆ ತರುತ್ತಿರಬೇಕು, ಅದೂ ವೀಲ್ ನಿಂತ ಮೇಲೆ. ಹೊಸ ವೀಲ್ ಹಾಕುವ ಮುನ್ನ ಅದನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿ. ಬಿರುಕಿಲ್ಲದಿದ್ದರೆ ಗಂಟೆಯಂತೆ ನಾದ ಬರುತ್ತದೆ, ಬಿರುಕಿದ್ದರೆ ಒಡೆದ ಮಡಕೆಯ ಸದ್ದು. ಸಂತೆಯಲ್ಲಿ ಮಡಕೆ ಕೊಂಡ ಮನೆಯ ಮಕ್ಕಳಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ರೆಸಿನ್ ಬಾಂಡಿನ ವೀಲ್ ಅಷ್ಟು ಚೆನ್ನಾಗಿ ನಾದ ಕೊಡುವುದಿಲ್ಲ ಅನ್ನುವುದನ್ನೂ ಹೇಳಿ, ಇಲ್ಲದಿದ್ದರೆ ಒಳ್ಳೆಯದನ್ನೂ ಎಸೆಯುತ್ತಾರೆ. ವೀಲ್ ಹಾಕಿದ ಮೇಲೆ ಪಕ್ಕಕ್ಕೆ ಸರಿದು ನಿಂತು ಒಂದು ನಿಮಿಷ ಖಾಲಿ ಓಡಿಸಿ. ಅಲ್ಯೂಮಿನಿಯಂ ಉಜ್ಜಬೇಡಿ, ವೀಲ್‌ನ ರಂಧ್ರ ತುಂಬಿ ಬಿಸಿಯಾಗಿ ಸಿಡಿಯುತ್ತದೆ.

ಕೈಯಲ್ಲಿ ಹಿಡಿಯುವ 4 ಇಂಚಿನ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. 7 ಇಂಚಿನ ವೀಲ್ ಮೇಲೆ ಬರೆದಿರುವ ಗರಿಷ್ಠ ವೇಗ ಸುಮಾರು 8,500. ಗಾರ್ಡ್ ಬಿಚ್ಚಿ ದೊಡ್ಡ ವೀಲ್ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಈ ಎರಡು ಅಂಕಿ ಸಾಕು. ಕಟ್ಟಿಂಗ್ ವೀಲ್‌ನ ನಡುವಿನ ತಗಡಿನ ಉಂಗುರದ ಮೇಲೆ ಮುಕ್ತಾಯದ ದಿನಾಂಕ ಇರುತ್ತದೆ, ಓದಿಸಿ.

ಗ್ಲೌಸ್ ವಿಷಯದಲ್ಲಿ ಹುಡುಗರು ಗೊಂದಲಕ್ಕೆ ಬೀಳುತ್ತಾರೆ, ಯಾಕೆಂದರೆ ಗೋಡೆಯ ಮೇಲಿನ ಪೋಸ್ಟರ್ ‘ಸದಾ ಗ್ಲೌಸ್ ಧರಿಸಿ’ ಅನ್ನುತ್ತದೆ. ತಗಡು, ವೆಲ್ಡಿಂಗ್, ಬಿಸಿ ಜಾಬ್ ಇವಕ್ಕೆ ಗ್ಲೌಸ್ ಬೇಕು. ಲೇತ್, ಡ್ರಿಲ್, ಮಿಲ್ಲಿಂಗ್, ಬೆಂಚ್ ಗ್ರೈಂಡರ್ ಇಲ್ಲೆಲ್ಲ ತಿರುಗುವುದರ ಹತ್ತಿರ ಗ್ಲೌಸ್ ಬೇಡವೇ ಬೇಡ. ಬರಿಗೈ ತಾಗಿದರೆ ಚರ್ಮ ಕಿತ್ತು ಬರುತ್ತದೆ. ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೇ ಸುತ್ತಿಕೊಳ್ಳುತ್ತದೆ. ಜಾತ್ರೆಯಲ್ಲಿ ಕಟ್ಟಿಸಿಕೊಂಡ ಕೆಂಪು ದಾರ, ಉಂಗುರ, ಕತ್ತಿನ ಐಡಿ ಕಾರ್ಡ್ ದಾರ ಎಲ್ಲದಕ್ಕೂ ಇದೇ ನ್ಯಾಯ. ದೇವರ ದಾರ ಬಿಚ್ಚು ಅಂದರೆ ಮುಖ ಸಪ್ಪಗಾಗುತ್ತದೆ. ‘ಮೆಷಿನ್ ಮುಂದೆ ಇರೋವರೆಗೂ ಜೇಬಲ್ಲಿ ಇಟ್ಕೊಳಪ್ಪ’ ಅಂದರೆ ಕೇಳುತ್ತಾರೆ. ಹೆಣ್ಣುಮಕ್ಕಳ ಜಡೆ ಕ್ಯಾಪಿನೊಳಗೆ, ದುಪಟ್ಟಾ ಲಾಕರಿನೊಳಗೆ. ಮಾಲೆ ಹಾಕಿದ ಅಯ್ಯಪ್ಪ ಭಕ್ತರು ಬರಿಗಾಲಲ್ಲಿ ಬಂದರೆ ವಾದಕ್ಕೆ ಇಳಿಯಬೇಡಿ. ಆ ದಿನಗಳಿಗೆ ಇನ್‌ಸ್ಪೆಕ್ಷನ್ ಟೇಬಲ್‌ಗೋ ಸ್ಟೋರ್ಸ್‌ನ ಲೆಕ್ಕಕ್ಕೋ ಹಾಕಿ. ಚಿಪ್ಸ್ ಬಿದ್ದ ನೆಲದ ಮೇಲೆ ಬರಿಗಾಲು ಮಾತ್ರ ಬೇಡ. ಚಿಪ್ಸ್ ತೆಗೆಯಲು ಕೊಕ್ಕೆ ಮತ್ತು ಬ್ರಷ್, ಕೈಯಲ್ಲ. ಏರ್ ಗನ್ ತಿರುಗಿಸಿ ಬಟ್ಟೆ ಕೊಡವಿಕೊಳ್ಳುವುದು ಎಲ್ಲರ ಚಟ. ಲೈನಿನಲ್ಲಿ 6 ಬಾರ್ ಒತ್ತಡ ಇರುತ್ತದೆ, ಚರ್ಮದ ಗಾಯದೊಳಗೆ ಗಾಳಿ ಹೊಕ್ಕರೆ ಆಸ್ಪತ್ರೆಯೇ ಗತಿ.

ಕರೆಂಟ್ ಹೋದಾಗ ಮಾಡಬೇಕಾದ ಕೆಲಸ ಒಂದಿದೆ, ಹುಡುಗರು ಮಾಡುವುದಿಲ್ಲ. ಹೋದ ಕೂಡಲೇ ಎಲ್ಲರೂ ಮೊಬೈಲ್ ತೆಗೆಯುತ್ತಾರೆ. ನೋ ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಆದರೆ ಕರೆಂಟ್ ಬಂದಾಗ ತಾನಾಗಿ ಓಡುವುದಿಲ್ಲ. ಬರೀ ಆನ್ ಆಫ್ ಸ್ವಿಚ್ಚಿನ ಗ್ರೈಂಡರ್, ಡ್ರಿಲ್ ಮಾತ್ರ ಕರೆಂಟ್ ಬಂದ ಕ್ಷಣವೇ ಎದ್ದು ಕೂರುತ್ತವೆ. ಅಷ್ಟರಲ್ಲಿ ಯಾರೋ ‘ಹೆಂಗೂ ಕರೆಂಟಿಲ್ಲ’ ಅಂತ ಬಿಟ್ ಬದಲಿಸುತ್ತಿರುತ್ತಾರೆ. ಕರೆಂಟ್ ಹೋಯಿತು ಅಂದರೆ ಮೊದಲು ಸ್ವಿಚ್ ಆಫ್, ಆಮೇಲೆ ಮಿಕ್ಕಿದ್ದು.

ರಿಪೇರಿಗೆ ಕೈ ಹಾಕುವ ಮುನ್ನ ಬೀಗ ಹಾಕುವ ಕ್ರಮ ದೊಡ್ಡ ಕಂಪನಿಗಳಲ್ಲಿ ಮಾತ್ರ ಅಂತ ಭಾವಿಸಬೇಡಿ. ಒಂದು ಹ್ಯಾಸ್ಪ್ (ಹಲವು ಬೀಗ ಹಾಕಬಹುದಾದ ಕೊಂಡಿ), ಒಬ್ಬೊಬ್ಬರಿಗೂ ಒಂದೊಂದು ಬೀಗ, ಒಂದೇ ಕೀ, ಅದು ಅವನ ಜೇಬಿನಲ್ಲಿ, ಅಷ್ಟೇ. ಮೆಷಿನ್ ಓಡಿಸುವವರಿಗೆ ಹೇಳು, ನಿಲ್ಲಿಸು, ಐಸೊಲೇಟರ್ (ಮೆಷಿನ್ನಿನ ಮುಖ್ಯ ಸ್ವಿಚ್) ಆಫ್ ಮಾಡು, ಬೀಗ ಹಾಕಿ ಹೆಸರಿನ ಚೀಟಿ ತೂಗುಹಾಕು, ಒಳಗೆ ಉಳಿದ ಏರ್ ಹೊರಬಿಡು, ಎತ್ತಿ ನಿಂತ ಭಾಗಕ್ಕೆ ಆಸರೆ ಕೊಡು, ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ಓಡುವುದಿಲ್ಲ ಅಂತ ಖಾತ್ರಿ ಮಾಡಿಕೋ. ಕೊನೆಯ ಹೆಜ್ಜೆಯನ್ನೇ ಬಿಡುತ್ತಾರೆ. ಆಫ್ ಮಾಡಿದ್ದು ಪಕ್ಕದ ಮೆಷಿನ್ನಿನ ಐಸೊಲೇಟರ್ ಅಂತ ಗೊತ್ತಾಗುವುದು ಆ ಹೆಜ್ಜೆಯಲ್ಲೇ. ಎಲೆಕ್ಟ್ರಿಷಿಯನ್ ಹುಡುಗರು ಜೇಬಿನ ಟೆಸ್ಟರ್ ನಂಬಬಾರದು. ಮೀಟರನ್ನು ಮೊದಲು ಕರೆಂಟ್ ಇರುವ ಜಾಗದಲ್ಲಿ, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಕರೆಂಟ್ ಇರುವ ಜಾಗದಲ್ಲಿ ಇಟ್ಟು ನೋಡಬೇಕು. ಮೂರನೆಯದು ಮೀಟರ್ ನಡುವೆ ಕೆಟ್ಟಿಲ್ಲ ಅನ್ನುವುದಕ್ಕೆ. 18 ತುಂಬದವರ ಕೈಯಲ್ಲಿ ಓಡುತ್ತಿರುವ ಮೆಷಿನ್ನಿಗೆ ಎಣ್ಣೆ ಬಿಡಿಸುವುದು, ಒರೆಸುವುದು ಮಾಡಿಸುವಂತಿಲ್ಲ ಅನ್ನುವುದನ್ನು ಈ ಪಾಠದಲ್ಲೇ ಸೇರಿಸಿ.

‘ಆಗಲ್ಲ’ ಅನ್ನುವುದು ಹೇಗೆ

ಇಷ್ಟೆಲ್ಲ ಗೊತ್ತಿದ್ದೂ ಹುಡುಗ ಗಾರ್ಡ್ ಬಿಚ್ಚುವುದು ತಿಳಿವಳಿಕೆ ಸಾಲದೆ ಅಲ್ಲ, ಮಾತು ಸಾಲದೆ. ಅಪ್ಪನ ವಯಸ್ಸಿನ ಸೂಪರ್‌ವೈಸರ್‌ಗೆ ‘ಆಗಲ್ಲ’ ಅಂದರೆ ಅದು ನಮ್ಮ ಕಡೆ ಕಾನೂನಿನ ಮಾತಾಗಿ ಕೇಳಿಸುವುದಿಲ್ಲ, ಕೊಬ್ಬಾಗಿ ಕೇಳಿಸುತ್ತದೆ. ಹಾಗಾಗಿ ಹಕ್ಕಿನ ಪಾಠದ ತಿರುಳು ಇದು: ಕೆಲಸ ಒಪ್ಪಿಕೋ, ಷರತ್ತು ಕೇಳು.

‘ಗಾರ್ಡ್ ಹಾಕ್ಕೊಡಿ ಸಾರ್, ಈಗ್ಲೇ ಓಡಿಸ್ತೀನಿ.’

‘ಅಣ್ಣ, ಈ ಮೆಷಿನ್ ನಂಗೆ ಇನ್ನೂ ತೋರಿಸಿಲ್ಲ. ಒಂದ್ಸಲ ನೀವು ಓಡ್ಸಿ, ನಾನು ನೋಡ್ಕೊಳ್ತೀನಿ.’

‘ಸಾರ್, ಬ್ರೇಕ್ ಹಿಡೀತಿಲ್ಲ, ಗುರುತು ದಾಟ್ತಿದೆ. ಮೇಂಟೆನೆನ್ಸ್‌ನವ್ರನ್ನ ಕರೀಲಾ, ಇಲ್ಲಾ ಬೇರೆ ಪ್ರೆಸ್ ಕೊಡ್ತೀರಾ?’

ಈ ಮೂರನ್ನು ಬಾಯಿಬಿಟ್ಟು ಹೇಳಿಸಿ. ನೀವು ಗದರುವ ಸೂಪರ್‌ವೈಸರ್ ಆಗಿ, ‘ನಿಂಗೇನು ವಿಶೇಷವಾ, ಎಲ್ರೂ ಹಿಂಗೇ ಓಡ್ಸೋದು’ ಅನ್ನಿ. ಮೊದಲ ಸಲ ಹುಡುಗ ನಕ್ಕು ತಲೆ ತಗ್ಗಿಸುತ್ತಾನೆ. ನಾಲ್ಕನೇ ಸಲಕ್ಕೆ ಮಾತು ಬರುತ್ತದೆ. ಎರಡನೇ ಸಲವೂ ಒತ್ತಾಯ ಬಂದರೆ ಟ್ರೈನಿಂಗ್ ನೋಡಿಕೊಳ್ಳುವವರಿಗೆ ಒಂದು ವಾಟ್ಸ್‌ಆ್ಯಪ್ ಸಂದೇಶ: ‘ಸಾರ್, 3ನೇ ಪ್ರೆಸ್ ಗಾರ್ಡ್ ಬಿಚ್ಚಿ ಓಡಿಸಲು ಹೇಳಿದ್ದಾರೆ, ಏನು ಮಾಡಲಿ?’ ಇದು ದೂರಲ್ಲ, ಪ್ರಶ್ನೆ. ಆದರೆ ತಾರೀಖು, ಗಂಟೆ, ವಿಷಯ ಮೂರೂ ಅದರಲ್ಲಿ ಉಳಿದುಬಿಡುತ್ತವೆ. ‘ಬೇಕೆಂದೇ ತೆಗೆದ’ ಅನ್ನುವ ವಾದ ಅದರ ಮುಂದೆ ನಿಲ್ಲುವುದು ಕಷ್ಟ.

ಲಾಗ್ ಬುಕ್ಕಿಗೂ ಇದೇ ಬೆಲೆ. ಕೊನೆಯ ವಾರದಲ್ಲಿ ಒಂದೇ ಪೆನ್ನಿನಲ್ಲಿ ವರ್ಷದ ಪುಟಗಳನ್ನೆಲ್ಲ ತುಂಬಿಸಿ ಸಹಿ ಹಾಕಿಸುವ ಪದ್ಧತಿಯನ್ನು ನಿಲ್ಲಿಸಲು ಆಗುವುದಾದರೆ ನಿಲ್ಲಿಸಿ. ದಿನಕ್ಕೆ ಎರಡು ಸಾಲು: ಯಾವ ಮೆಷಿನ್, ಯಾವ ಕೆಲಸ, ಯಾರು ಹೇಳಿದ್ದು. ಹುಡುಗರಿಗೆ ಇದನ್ನೂ ಹೇಳಿ: ಮೂಲ ಅಂಕಪಟ್ಟಿ ಕಂಪನಿಗೆ ಕೊಡಬೇಡ, ಜೆರಾಕ್ಸ್ ಕೊಡು. ಖಾಲಿ ಹಾಳೆಗೆ ಸಹಿ ಹಾಕಬೇಡ. ಟೀ ತರುವ ವಿಷಯದಲ್ಲಿ ಅತಿ ಮಾಡುವುದೂ ಬೇಡ. ತನ್ನ ಜಾಗ ಗುಡಿಸುವುದು ತರಬೇತಿಯ ಭಾಗವೇ, ಸೂಪರ್‌ವೈಸರ್ ಬೈಕ್ ತೊಳೆಯುವುದು ಅಲ್ಲ.

ಹೆಣ್ಣುಮಕ್ಕಳಿಗೆ, ಗಂಡುಮಕ್ಕಳೂ ಕೂತಿರುವಾಗಲೇ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಹೇಳಬೇಕು. ಅದರಲ್ಲಿ ಅಪ್ರೆಂಟಿಸ್ ಅನ್ನುವ ಪದವೇ ಸ್ಪಷ್ಟವಾಗಿ ಇದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಮುಖ್ಯಸ್ಥೆ ಮಹಿಳೆಯೇ ಆಗಿರಬೇಕು. ಅದಕ್ಕಿಂತ ಸಣ್ಣ ಯೂನಿಟ್ ಆದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು. ಅವಧಿ ಮೂರು ತಿಂಗಳು.

ಒಪ್ಪಂದದ ತಕರಾರಿಗೆ ಹೋಗಬೇಕಾದ ಜಾಗ ಅಪ್ರೆಂಟಿಸ್‌ಶಿಪ್ ಸಲಹೆಗಾರರು. ಸರ್ಕಾರಿ ಐಟಿಐನಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಅವರ ತೀರ್ಮಾನ ಒಪ್ಪದಿದ್ದರೆ ಮೇಲ್ಮನವಿಗೆ 30 ದಿನ. ನಡುವೆ ಬಿಟ್ಟು ಓಡಿಹೋಗುವುದು ಕೆಟ್ಟ ದಾರಿ, ಆಗ ತಪ್ಪು ಹುಡುಗನದ್ದಾಗುತ್ತದೆ. ಮಾಲೀಕನ ತಪ್ಪಿನಿಂದ ಒಪ್ಪಂದ ಮುರಿದರೆ ಮೂರು ತಿಂಗಳ ಸ್ಟೈಪೆಂಡ್ ಪರಿಹಾರವಾಗಿ ಸಿಗಬೇಕು.

ಅಪಘಾತವಾದ ಮೊದಲ ಗಂಟೆ

ಬೆರಳು ತುಂಡಾದರೆ: ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿದು ಕೈ ಮೇಲೆತ್ತಿಸಿ, 108ಕ್ಕೆ ಫೋನ್. ತುಂಡನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಆ ಕವರನ್ನು ಐಸ್ ಮೇಲೆ ಇಡಬೇಕು. ನೇರ ಐಸಿಗೆ ಹಾಕಿದರೆ ಅಂಗಾಂಶ ಸುಟ್ಟಂತಾಗಿ ಜೋಡಿಸಲು ಬರುವುದಿಲ್ಲ. ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು; ಪೇಸ್ಟ್, ಇಂಕ್, ಅರಿಶಿನ ಬೇಡ. ಕಣ್ಣಿಗೆ ರಾಸಾಯನಿಕ ಹಾರಿದರೆ 15 ನಿಮಿಷ ನೀರು, ಲೋಹದ ಚೂರು ಚುಚ್ಚಿದ್ದರೆ ಉಜ್ಜದೆ, ಕೀಳದೆ ಆಸ್ಪತ್ರೆ. ಶಾಕ್ ಹೊಡೆದವನನ್ನು ಮುಟ್ಟುವ ಮುನ್ನ ಮೇನ್ ಆಫ್. ವೆಲ್ಡಿಂಗ್ ಬೆಳಕು ನೋಡಿದವನಿಗೆ ಆಗ ಏನೂ ಅನ್ನಿಸುವುದಿಲ್ಲ, ರಾತ್ರಿ ಮಲಗಿದ ಮೇಲೆ ಕಣ್ಣಿಗೆ ಮರಳು ಸುರಿದಂತಾಗುತ್ತದೆ. ಮನೆಯವರು ಗಾಬರಿಯಾಗದಂತೆ ಮೊದಲೇ ಹೇಳಿರಿ.

ಆಸ್ಪತ್ರೆಯ ಚೀಟಿಯ ಮೊದಲ ಸಾಲು ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ. ‘ಬೈಕಿಂದ ಬಿದ್ದೆ ಅಂತ ಹೇಳು, ಖರ್ಚೆಲ್ಲ ನಾವು ನೋಡ್ಕೋತೀವಿ’ ಅನ್ನುವ ಮಾತು ಪ್ರೀತಿಯಿಂದಲೇ ಬರುತ್ತದೆ, ಕಾರಿನಲ್ಲಿ ಪಕ್ಕ ಕೂತವರಿಂದ. ಹಾಗೆ ಬರೆಸಿದ ಮೇಲೆ ಅದು ಕೆಲಸದ ಅಪಘಾತ ಅಂತ ತೋರಿಸುವುದು ಬಹಳ ಕಷ್ಟ. ‘ಇಂಥ ಕಡೆ, ಇಂಥ ಮೆಷಿನ್ನಿನಲ್ಲಿ, ಇಷ್ಟು ಗಂಟೆಗೆ’ ಅಂತ ಪೊಲೀಸರಿಗೂ ಹೋಗುವ ಆಸ್ಪತ್ರೆಯ ದಾಖಲೆಯಾದ ಎಂಎಲ್‌ಸಿಯಲ್ಲಿ ಬರೆಸುವುದನ್ನು ಗೆಳೆಯರಿಗೂ ಕಲಿಸಿ, ಗಾಯಗೊಂಡವನಿಗೆ ಆಗ ಪ್ರಜ್ಞೆ ನೆಟ್ಟಗಿರುವುದಿಲ್ಲ. ಅದೇ ಹೊತ್ತಿಗೆ ಇನ್ನೊಬ್ಬ ಮೆಷಿನ್ ಹೇಗಿದೆಯೋ ಹಾಗೆಯೇ ಫೋಟೋ ತೆಗೆಯಬೇಕು. ಸಂಜೆಯೊಳಗೆ ಗಾರ್ಡ್ ವಾಪಸ್ ಬಂದು ಕೂತಿರುತ್ತದೆ. ಅಪಘಾತದ ರಿಜಿಸ್ಟರ್‌ನಲ್ಲಿ ನಮೂದು, ನೋಡಿದವರ ಹೆಸರು, ಬಿಲ್ಲುಗಳು. ಪರಿಹಾರ ಒಂದು ತಿಂಗಳೊಳಗೆ ಬರದಿದ್ದರೆ ಬಡ್ಡಿ ಸೇರುತ್ತದೆ (ಹಳೆಯ ಕಾಯ್ದೆಯಲ್ಲಿ ವರ್ಷಕ್ಕೆ ಶೇ 12 ಇತ್ತು), ಸಕಾರಣವಿಲ್ಲದೆ ತಡ ಮಾಡಿದರೆ ಅರ್ಧದವರೆಗೂ ದಂಡ ಹಾಕಬಹುದು. ಅರ್ಜಿಗೆ ಎರಡು ವರ್ಷ ಕಾಲಾವಕಾಶ ಇದೆ, ಆದರೆ ಎರಡು ವರ್ಷ ಆದ ಮೇಲೆ ಸಾಕ್ಷಿ ಹೇಳಬೇಕಾದ ಹುಡುಗ ಪೀಣ್ಯಕ್ಕೋ ಹೊಸೂರಿಗೋ ಹೋಗಿಬಿಟ್ಟಿರುತ್ತಾನೆ.

ಇನ್ನೊಂದು ಉಳಿಯಿತು, ಆಯುಧ ಪೂಜೆ. ಹಿಂದಿನ ದಿನ ಎಲ್ಲ ಮೆಷಿನ್ನಿನ ಗಾರ್ಡ್ ಬಿಚ್ಚಿ ಡೀಸೆಲ್‌ನಲ್ಲಿ ತೊಳೆಯುತ್ತಾರೆ, ಹೊಳೆಯುವಂತೆ ಒರೆಸುತ್ತಾರೆ, ಅರ್ಧ ಬೋಲ್ಟು ಎಲ್ಲೋ ಹೋಗಿರುತ್ತವೆ. ಪೂಜೆ ಮುಗಿದು ಮತ್ತೆ ಶುರು ಮಾಡುವ ಬೆಳಿಗ್ಗೆ ಅಪ್ರೆಂಟಿಸ್‌ಗಳ ಕೈಗೆ ಒಂದೊಂದು ಚೀಟಿ ಕೊಟ್ಟು ಸಾಲಾಗಿ ಕಳಿಸಿ: ಗಾರ್ಡ್ ಎಲ್ಲ ಬೋಲ್ಟ್ ಸಮೇತ ಕೂತಿದೆಯಾ, ಚಕ್‌ಗೆ ಕಟ್ಟಿದ ಮಾವಿನ ಸೊಪ್ಪಿನ ದಾರ ಬಿಚ್ಚಿದ್ದಾರಾ, ಚಕ್ ಕೀ ಒಳಗೇ ಉಳಿದಿದೆಯಾ, ಸೆನ್ಸರ್ ಕಣ್ಣಿನ ಮೇಲೆ ಕುಂಕುಮ ಬಿದ್ದಿದೆಯಾ, ನೆಲದ ಮೇಲೆ ಬೂದುಗುಂಬಳದ ಚೂರು ಇದೆಯಾ. ಎಮರ್ಜೆನ್ಸಿ ಬಟನ್ನಿಗೆ ತೂಗುಹಾಕಿದ ಸೇವಂತಿಗೆ ಹಾರ ತೆಗೆದು, ಬಟನ್ ಒಮ್ಮೆ ಒತ್ತಿ ನೋಡಿ, ಆಮೇಲೆ ಮೇನ್ ಆನ್ ಮಾಡಿ.